ಜೋಹಾನ್ಸ್‌ಬರ್ಗ್‌ನ ಮಗಳ ಮನೆ, ಸಿಂಕ್ ಕೆಳಗಿನ ಮಗ್

ಪ್ರಶ್ನೆ: ನಾನು ಶಿವಮೊಗ್ಗದವಳು. ವಯಸ್ಸು 62, ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಮಗಳು, ಅಳಿಯ ಆರು ವರ್ಷದಿಂದ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿದ್ದಾರೆ. ಮೊಮ್ಮಗನಿಗೆ 12 ವರ್ಷ. ಈ ಜೂನ್, ಜುಲೈ ಎರಡು ತಿಂಗಳು ಅವರ ಜೊತೆ ಇರಲು ಹೊರಟಿದ್ದೇನೆ. ಅಲ್ಲಿನ ವರ್ಣಭೇದದ ಕಾಲಕ್ಕೆ ಸಂಬಂಧಪಟ್ಟ ಜಾಗಗಳನ್ನು ನೋಡಬೇಕು ಅಂತ ಆಸೆ. ಅಳಿಯಂದಿರು ‘ಅದೆಲ್ಲ ಹಳೇ ಕಥೆ ಅತ್ತೆ, ಸುಮ್ನೆ ಮನಸ್ಸು ಕೆಡಿಸಿಕೊಳ್ಳಬೇಡಿ, ಸಫಾರಿಗೆ ಹೋಗೋಣ’ ಅನ್ನುತ್ತಾರೆ. ಏನು ನೋಡಲಿ, ಹೇಗೆ ನೋಡಲಿ? ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಹತ್ತು ದಿನ ಹೋಗಿದ್ದಾಗ, ಮನೆಗೆಲಸಕ್ಕೆ ಬರುವ ಆಫ್ರಿಕನ್ ಹೆಂಗಸಿಗೆ ಎನಾಮೆಲ್ ಮಗ್ ಮತ್ತು ತಟ್ಟೆಯನ್ನು ಸಿಂಕ್ ಕೆಳಗೆ ಬೇರೆ ಇಟ್ಟಿದ್ದು ಕಂಡೆ. ಕೇಳಿದ್ದಕ್ಕೆ ಮಗಳು ‘ಇಲ್ಲಿ ಎಲ್ಲರೂ ಹೀಗೇ ಅಮ್ಮ’ ಅಂದಳು. ಅವತ್ತು ಸುಮ್ಮನಾದೆ. ಈ ಸಲ ಏನು ಮಾಡಲಿ?

ಉತ್ತರ: ಮಗ್‌ನ ವಿಷಯ ನಿಮ್ಮ ಪತ್ರದಲ್ಲಿ ಕೊನೆಗೆ ಬಂದಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಎಷ್ಟೋ ವರ್ಷ ಕಾಲೇಜಿನಲ್ಲಿ ಆಫ್ರಿಕಾದ ಇತಿಹಾಸ ಪಾಠ ಮಾಡಿದ್ದೇನೆ. ಅಕ್ಕನ ಮಗ ಡರ್ಬನ್‌ನಲ್ಲಿರುವುದರಿಂದ ಮೂರು ಸಲ ಆ ದೇಶಕ್ಕೆ ಹೋಗಿ ಬಂದಿದ್ದೇನೆ. ನನಗೆ ಗೊತ್ತಿರುವ ಮಟ್ಟಿಗೆ, ನೀವು ನೋಡಬೇಕು ಅಂದುಕೊಂಡಿರುವ ಇತಿಹಾಸವನ್ನು ಮೊದಲ ಸಲ ಹೋದಾಗಲೇ ಮಗಳ ಅಡುಗೆಮನೆಯಲ್ಲಿ ನೋಡಿಬಿಟ್ಟಿದ್ದೀರಿ.

ವರ್ಣಭೇದದ ಕಾಲದಲ್ಲಿ ಬಿಳಿಯರ ಮನೆಗಳಲ್ಲಿ ಕೆಲಸದ ಹೆಂಗಸಿಗೆ ತಗಡಿನ ತಟ್ಟೆ, ಎನಾಮೆಲ್ ಮಗ್ ಬೇರೆ ಇಡುವುದು ಮಾಮೂಲಿಯಾಗಿತ್ತು. ಅಡುಗೆ ಮಾಡುವವಳು ಆಕೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮಲಗಿಸುವವಳೂ ಆಕೆ. ಆದರೆ ಆಕೆ ಬಾಯಿಟ್ಟ ಮಗ್ ಮನೆಯವರ ಲೋಟಗಳ ಜೊತೆ ಸೇರಬಾರದು. ಹಳೆಯ ಬಡಾವಣೆಗಳ ಮನೆಗಳ ಹಿಂದೆ ಒಂದು ಪುಟ್ಟ ಕೋಣೆ ಇರುತ್ತದೆ, ಈ ಸಲ ಗಮನಿಸಿ. ಕೆಲಸದವರಿಗೆ ಅಂತಲೇ ಕಟ್ಟಿದ್ದು. ಆಕೆಯ ಗಂಡ, ಮಕ್ಕಳು ಅಲ್ಲಿ ವಾಸ ಮಾಡುವುದಕ್ಕೆ ಕಾನೂನು ಬಿಡುತ್ತಿರಲಿಲ್ಲ. ರಾತ್ರಿ ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರು. ಹದಿನಾರು ದಾಟಿದ ಪ್ರತಿ ಆಫ್ರಿಕನ್ನರೂ, ಎಲ್ಲಿ ಇರಬಹುದು, ಎಲ್ಲಿ ಕೆಲಸ ಮಾಡಬಹುದು ಅಂತ ಬರೆದ ಪಾಸ್ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಬೇಕಿತ್ತು. ಆ ಕಾನೂನು ರದ್ದಾಗಿದ್ದು 1986ರಲ್ಲಿ. ನಿಮ್ಮ ಮಗಳ ಮನೆಗೆ ಬರುವವರು ಐವತ್ತು ದಾಟಿದ್ದರೆ, ಅವರ ತಾಯಿ ಆ ಪುಸ್ತಕ ಹಿಡಿದು ಓಡಾಡಿದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಅಳಿಯಂದಿರು ಹಳೇ ಕಥೆ ಅನ್ನುವುದು ಇದನ್ನೇ.

ಆ ಮಗ್ ಬರೀ ಅಲ್ಲಿಂದ ಬಂದಿದ್ದು ಅಂತ ನನಗನ್ನಿಸುವುದಿಲ್ಲ. ಹಾಸನ ಕಡೆಯ ನಮ್ಮ ಅಜ್ಜಿ ಮನೆಯಲ್ಲಿ ಗದ್ದೆ ಕೆಲಸಕ್ಕೆ ಬರುತ್ತಿದ್ದವರಿಗೆ ಕಾಫಿ ಕೊಡುತ್ತಿದ್ದುದು ತೆಂಗಿನ ಚಿಪ್ಪಿನಲ್ಲಿ. ಚಿಪ್ಪನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ ಇಡುತ್ತಿದ್ದರು. ಅವರೇ ತೆಗೆದುಕೊಳ್ಳಬೇಕು, ಅಜ್ಜಿ ಮೇಲಿನಿಂದ ಹೊಯ್ಯಬೇಕು, ಕುಡಿದು ಅವರೇ ತೊಳೆದು ಮತ್ತೆ ಸಿಕ್ಕಿಸಬೇಕು. ನಾನು ಏಳೆಂಟು ವರ್ಷದವಳು, ಒಂದು ದಿನ ಆಟಕ್ಕೆ ಅಂತ ಆ ಚಿಪ್ಪು ತೆಗೆದುಕೊಂಡೆ. ಅಜ್ಜಿ ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆ ಮೇಲೆ ನೀರು ಸುರಿದರು. ಅಜ್ಜಿ ಕೆಟ್ಟವರಾಗಿರಲಿಲ್ಲ. ಕೇಳಿದ್ದರೆ ಅವರೂ ‘ಎಲ್ಲರ ಮನೇಲೂ ಹೀಗೇ’ ಅಂತಲೇ ಹೇಳುತ್ತಿದ್ದರು. ನಾನು ಇತಿಹಾಸ ಓದಲು ಹೋಗಿದ್ದಕ್ಕೆ ಆ ತಣ್ಣೀರೂ ಒಂದು ಕಾರಣ. ಹಾಗಾಗಿ ನಿಮ್ಮ ಮಗಳನ್ನು ನಾನು ದೂರುವುದಿಲ್ಲ. ಆದರೆ ನೀವು ಈ ಸಲ ಸುಮ್ಮನಿರಬೇಡಿ.

ಹೇಗೆ ಅಂದರೆ, ಹೋದ ದಿನವೇ ಭಾಷಣ ಬೇಡ. ಕಾಫಿಪುಡಿ, ಫಿಲ್ಟರ್ ತೆಗೆದುಕೊಂಡು ಹೋಗಿ. ಎರಡನೇ ದಿನವೋ ಮೂರನೇ ದಿನವೋ ನೀವೇ ಕಾಫಿ ಬೆರೆಸಿ, ಮನೆಯವರು ಕುಡಿಯುವ ಲೋಟಗಳಲ್ಲೇ ಎಲ್ಲರಿಗೂ ಕೊಡಿ, ಆಕೆಗೂ ಕೊಡಿ. ತೊಳೆದ ಲೋಟವನ್ನು ಉಳಿದ ಲೋಟಗಳ ಜೊತೆ ನೀವೇ ಎತ್ತಿಡಿ. ಮಗಳು ನೋಡಲಿ. ಆಮೇಲೆ ಇಬ್ಬರೇ ಇದ್ದಾಗ ಬಾಯಿಬಿಟ್ಟು ಹೇಳಿ, ನಮ್ಮ ಊರಿನ ಕಥೆ ಸೇರಿಸಿಯೇ ಹೇಳಿ. ‘ಇಲ್ಲಿಯ ಜನ ಹೀಗೆ’ ಅಂತ ಶುರು ಮಾಡಿದರೆ ಮಗಳಿಗೆ ಕೋಪ ಬರುತ್ತದೆ. ‘ನಮ್ಮಲ್ಲೂ ಹೀಗಿತ್ತು’ ಅಂದರೆ ಕೇಳಿಸಿಕೊಳ್ಳುತ್ತಾಳೆ.

ಆಕೆಯನ್ನು ಬಲವಂತವಾಗಿ ಟೇಬಲ್‌ಗೆ ಕರೆದು ಕೂರಿಸಬೇಡಿ. ನೀವು ಎರಡು ತಿಂಗಳಿದ್ದು ಬರುತ್ತೀರಿ, ಆಕೆಗೆ ಅಲ್ಲಿ ಕೆಲಸ ಮುಂದುವರಿಯಬೇಕು. ಗುಟ್ಟಾಗಿ ದುಡ್ಡು ಕೊಡುವುದೂ ಬೇಡ. ಮೊದಲು ಹೆಸರು ಕೇಳಿ. ನಿಮ್ಮ ಪತ್ರದಲ್ಲಿ ಆಕೆಯ ಹೆಸರೇ ಇಲ್ಲ. ಯಜಮಾನರ ಬಾಯಿಗೆ ಹೊರಳಲ್ಲ ಅಂತ ಅಲ್ಲಿನ ಎಷ್ಟೋ ಹೆಂಗಸರು ಕೆಲಸಕ್ಕೆಂದೇ ಒಂದು ಇಂಗ್ಲಿಷ್ ಹೆಸರು ಇಟ್ಟುಕೊಂಡಿರುತ್ತಾರೆ. ತಾಯಿ ಇಟ್ಟ ಹೆಸರು ಯಾವುದು ಅಂತ ಕೇಳಿ, ಸರಿಯಾಗಿ ಹೇಳುವುದನ್ನು ಕಲಿಯಿರಿ. ಮನೆಮಾತು ಜುಲು ಆಗಿದ್ದರೆ ಬೆಳಿಗ್ಗೆ ‘ಸಾವುಬೋನಾ’ ಅನ್ನಿ. ನಮ್ಮ ನಮಸ್ಕಾರ ಇದ್ದಹಾಗೆ, ಆದರೆ ಮಾತಿನ ಅರ್ಥ ‘ನಿಮ್ಮನ್ನು ಕಂಡೆವು’ ಅಂತ. ಸೋಥೋ ಅಥವಾ ತ್ಸ್ವಾನಾ ಆಗಿದ್ದರೆ ‘ದುಮೇಲಾ’. ಜಿಂಬಾಬ್ವೆಯಿಂದ ಬಂದವರೂ ಇರುತ್ತಾರೆ, ಅವರ ಮಾತು ಬೇರೆ. ಅದನ್ನು ಮಗಳಿಂದ ಮೊದಲೇ ತಿಳಿದುಕೊಳ್ಳಿ. ವಯಸ್ಸಾದ ಹೆಂಗಸರನ್ನು ಅಲ್ಲಿ ‘ಮಾ’ ಅಂತ ಸೇರಿಸಿ ಕರೆಯುತ್ತಾರೆ. ನಮಗೆ ಅದೇನೂ ಕಷ್ಟವಲ್ಲ, ಅಲ್ವಾ?

ಇನ್ನು ಜಾಗಗಳು. ಅದಕ್ಕಿಂತ ಮುಂಚೆ, ಅಲ್ಲಿ ನಮ್ಮವರ ಸ್ಥಾನ ಎಲ್ಲಿತ್ತು ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಬಿಳಿಯರು ಕರಿಯರನ್ನು ಹಿಂಸಿಸಿದ ಕಥೆಯನ್ನು ಪ್ರೇಕ್ಷಕರ ಹಾಗೆ ನೋಡಿಕೊಂಡು ಬರುತ್ತೇವೆ.

1860ರ ನವೆಂಬರ್ 16ರಂದು ಮದರಾಸಿನಿಂದ ಟ್ರೂರೋ ಅನ್ನುವ ಹಡಗು ಡರ್ಬನ್ ತಲುಪಿತು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಕರೆದೊಯ್ದ ಜನ. 1911ರವರೆಗೆ ಹೀಗೆ ಹೋದವರು ಒಂದೂವರೆ ಲಕ್ಷಕ್ಕೂ ಜಾಸ್ತಿ. ಹೆಚ್ಚಿನವರು ತಮಿಳರು, ತೆಲುಗರು, ಬಿಹಾರ ಕಡೆಯವರು. ಹಿಂದಿನಿಂದ ಗುಜರಾತಿ ವ್ಯಾಪಾರಿಗಳು ಹೋದರು. ಗಾಂಧೀಜಿ 1893ರಲ್ಲಿ ಅಲ್ಲಿಗೆ ಹೋಗಿದ್ದು ಅಂಥ ವ್ಯಾಪಾರಿಯೊಬ್ಬರ ಮೊಕದ್ದಮೆಗಾಗಿ. ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ಇಳಿಸಿದ್ದು ನೀವು ಮಕ್ಕಳಿಗೆ ಪಾಠ ಮಾಡಿದ ಕಥೆ. ನಾವು ಪಾಠ ಮಾಡದ ಇನ್ನೊಂದು ಕಥೆ ಇದೆ. ಡರ್ಬನ್ ಅಂಚೆ ಕಚೇರಿಗೆ ಆಗ ಎರಡು ಬಾಗಿಲು. ಒಂದು ಬಿಳಿಯರಿಗೆ, ಇನ್ನೊಂದು ಆಫ್ರಿಕನ್ನರಿಗೆ ಮತ್ತು ಭಾರತೀಯರಿಗೆ. ಗಾಂಧೀಜಿ ಕಾರ್ಯದರ್ಶಿಯಾಗಿದ್ದ ನಟಾಲ್ ಇಂಡಿಯನ್ ಕಾಂಗ್ರೆಸ್ ಇದು ಅವಮಾನ ಅಂತ ಅರ್ಜಿ ಹಾಕಿತು. ಸರ್ಕಾರ ಮೂರನೇ ಬಾಗಿಲು ಮಾಡಿಕೊಟ್ಟಿತು, ಭಾರತೀಯರಿಗೇ ಬೇರೆ. 1895ರ ವರದಿಯಲ್ಲಿ ಅದನ್ನು ಸಾಧನೆ ಅಂತಲೇ ಬರೆದುಕೊಂಡಿದ್ದಾರೆ. ಆ ಕಾಲದ ಗಾಂಧೀಜಿ ಬರಹಗಳಲ್ಲಿ ಆಫ್ರಿಕನ್ನರ ಬಗ್ಗೆ ಕೀಳಾದ ಮಾತುಗಳಿವೆ. ಮುಂದೆ ಅವರು ಬದಲಾದರು, ಎಲ್ಲ ಜನಾಂಗಗಳೂ ಬೆರೆತು ಬಾಳುವ ಮಾತು ಆಡಿದರು. ಎರಡನ್ನೂ ಹೇಳಿದರೇ ಗಾಂಧೀಜಿ ನಿಜವಾದ ಮನುಷ್ಯರಾಗಿ ಕಾಣುವುದು.

ಆ ಮೂರನೇ ಬಾಗಿಲನ್ನು ನೆನಪಿಟ್ಟುಕೊಳ್ಳಿ. 1948ರಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ಬಾಗಿಲುಗಳೆಲ್ಲ ಕಾನೂನೇ ಆದವು. 1950ರಲ್ಲಿ ಪ್ರತಿಯೊಬ್ಬರ ಜನಾಂಗವನ್ನೂ ಸರ್ಕಾರಿ ಪುಸ್ತಕದಲ್ಲಿ ಬರೆದರು. ಅದೇ ವರ್ಷ ಯಾವ ಜನಾಂಗ ಎಲ್ಲಿ ವಾಸಿಸಬೇಕು ಅಂತ ಗ್ರೂಪ್ ಏರಿಯಾಸ್ ಕಾಯ್ದೆ ತಂದರು. ಇವರು ಯಾವ ಜನಾಂಗ ಅನ್ನುವ ಅನುಮಾನ ಬಂದರೆ ತಲೆಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಬಿದ್ದರೆ ಒಂದು ಜನಾಂಗ, ನಿಂತರೆ ಇನ್ನೊಂದು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಟ್ಟಿಗೆ ಸೇರಿದ್ದುಂಟು.

ನಮ್ಮವರಿಗೆ ಏಟೂ ಬಿತ್ತು. ಜೋಹಾನ್ಸ್‌ಬರ್ಗ್‌ನ ಪೇಜ್‌ವ್ಯೂ ಬಡಾವಣೆಯಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿದ್ದ ಭಾರತೀಯರನ್ನು ಎಬ್ಬಿಸಿ, ಮೂವತ್ತು ಕಿಲೋಮೀಟರ್ ದೂರದ ಲೆನೇಷಿಯಾಕ್ಕೆ ಸಾಗಿಸಿದರು. ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. ನಿಮ್ಮ ಮಗಳು ಮಸಾಲೆ ತರಲು ಫೋರ್ಡ್ಸ್‌ಬರ್ಗ್‌ನ ಓರಿಯೆಂಟಲ್ ಪ್ಲಾಜಾಗೆ ಹೋಗುತ್ತಿರಬಹುದು. ಹಾಗೆ ಎಬ್ಬಿಸಿದ ವ್ಯಾಪಾರಿಗಳಿಗಾಗಿ ಕಟ್ಟಿದ ಮಳಿಗೆ ಅದು. ಈ ಸಲ ಜೊತೆಗೆ ಹೋಗಿ, ವಯಸ್ಸಾದ ಅಂಗಡಿಯವರು ಸಿಕ್ಕರೆ ಮಾತಾಡಿಸಿ. ಪುರುಸೊತ್ತಿದ್ದರೆ ಹೇಳುತ್ತಾರೆ.

ಆದರೆ ಏಟು ತಿಂದರೂ ಆಫ್ರಿಕನ್ನರಿಗಿಂತ ಒಂದು ಮೆಟ್ಟಿಲು ಮೇಲೆ ಇಟ್ಟಿದ್ದರು. 1984ರಲ್ಲಿ ಮೂರು ಸದನಗಳ ಪಾರ್ಲಿಮೆಂಟ್ ಮಾಡಿದರು: ಬಿಳಿಯರಿಗೆ ಒಂದು, ‘ಕಲರ್ಡ್’ ಅಂತ ಕರೆಯುವ ಮಿಶ್ರ ಮೂಲದ ಜನರಿಗೆ ಒಂದು, ಭಾರತೀಯರಿಗೆ ಒಂದು. ದೇಶದ ಬಹುಪಾಲು ಜನರಾದ ಆಫ್ರಿಕನ್ನರಿಗೆ ಏನೂ ಇಲ್ಲ. ಮತ್ತೆ ಮೂರನೇ ಬಾಗಿಲು ನೋಡಿ. ಈ ಸಲ ನಮ್ಮವರಲ್ಲಿ ಹೆಚ್ಚಿನವರು ಅದರೊಳಗೆ ಹೋಗಲಿಲ್ಲ, ಚುನಾವಣೆ ಬಹಿಷ್ಕರಿಸಿದರು. ನೂರಕ್ಕೆ ಎಂಬತ್ತು ಜನ ಮತ ಹಾಕಲಿಲ್ಲ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಮೊಮ್ಮಗನಿಗೆ ಹೇಳುವಾಗ ನಿಮಗೂ ಆಗಲಿ.

ಮೊದಲು ಕಾನ್‌ಸ್ಟಿಟ್ಯೂಷನ್ ಹಿಲ್‌ಗೆ ಹೋಗಿ. ನಗರದ ಮಧ್ಯದಲ್ಲೇ ಇದೆ. ಅಲ್ಲಿ ಹಳೆಯ ಕೋಟೆ ಜೈಲು, ಕರಿಯರನ್ನು ಇಡುತ್ತಿದ್ದ ನಂಬರ್ ಫೋರ್, ಹೆಂಗಸರ ಜೈಲು ಎಲ್ಲ ಇವೆ. ಗಾಂಧೀಜಿ 1908ರಲ್ಲಿ ಇಲ್ಲಿದ್ದರು, ಮಂಡೇಲಾ ಕೂಡ ಇದ್ದರು. ಹೆಂಗಸರ ಜೈಲನ್ನು ತಪ್ಪಿಸಬೇಡಿ. ಪಾಸ್ ಇಲ್ಲದ್ದಕ್ಕೇ ಹಿಡಿದು ತಂದ ಸಾವಿರಾರು ಹೆಂಗಸರು ಅಲ್ಲಿ ದಿನ ಕಳೆದಿದ್ದಾರೆ. ಇದೇ ಆವರಣದಲ್ಲಿ ಈಗ ದೇಶದ ಸಂವಿಧಾನ ನ್ಯಾಯಾಲಯವಿದೆ. ವಿಚಾರಣಾಧೀನ ಕೈದಿಗಳ ಕಟ್ಟಡ ಕೆಡವಿ, ಅದರ ಇಟ್ಟಿಗೆಗಳನ್ನೇ ನ್ಯಾಯಾಲಯದ ಗೋಡೆಗೆ ಬಳಸಿದ್ದಾರೆ. ನಾನು ಆ ಗೋಡೆ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಂತಿದ್ದೆ. ಒಳಗೆ ಕೂತರೆ, ನ್ಯಾಯಾಧೀಶರ ಹಿಂದೆ ಮೇಲ್ಗಡೆ ಉದ್ದಕ್ಕೂ ಒಂದು ಗಾಜಿನ ಕಿಟಕಿ. ಹೊರಗೆ ರಸ್ತೆಯಲ್ಲಿ ನಡೆಯುವವರ ಕಾಲು ಮಾತ್ರ ಕಾಣಿಸುತ್ತದೆ. ದಾರಿಹೋಕರ ಪಾದ ನ್ಯಾಯಾಧೀಶರ ತಲೆಗಿಂತ ಮೇಲಿರುವ ಹಾಗೆ ಕಟ್ಟಿದ್ದಾರೆ.

ನಿಮ್ಮ ಪ್ರಶ್ನೆಗೂ ಈ ನ್ಯಾಯಾಲಯಕ್ಕೂ ನೇರ ಸಂಬಂಧವಿದೆ. 2012ರಲ್ಲಿ ಮನೆಗೆಲಸದ ಹೆಂಗಸೊಬ್ಬರು ಯಜಮಾನರ ಮನೆಯ ಈಜುಕೊಳಕ್ಕೆ ಬಿದ್ದು ತೀರಿಕೊಂಡರು. ಅದೇ ಮನೆಯಲ್ಲಿ 22 ವರ್ಷ ದುಡಿದವರು. ಕೆಲಸದ ವೇಳೆ ಅಪಘಾತವಾದರೆ ಪರಿಹಾರ ಕೊಡುವ ಕಾನೂನಿನಲ್ಲಿ ಮನೆಗೆಲಸದವರನ್ನು ಹೊರಗಿಟ್ಟಿದ್ದರಿಂದ ಅವರ ಮಗಳಿಗೆ ಆ ಪರಿಹಾರ ಸಿಗಲಿಲ್ಲ. ಮಗಳು ಬಿಡಲಿಲ್ಲ. 2020ರ ನವೆಂಬರ್‌ನಲ್ಲಿ, ಹಾಗೆ ಹೊರಗಿಟ್ಟಿದ್ದೇ ಸಂವಿಧಾನಕ್ಕೆ ವಿರುದ್ಧ ಅಂತ ಈ ನ್ಯಾಯಾಲಯ ತೀರ್ಪು ಕೊಟ್ಟಿತು. ಈಗ ಮನೆಗೆಲಸದವರಿಗೂ ಉಳಿದ ಕೆಲಸಗಾರರಷ್ಟೇ ಕನಿಷ್ಠ ಕೂಲಿ ಅಂತಲೂ ನಿಯಮವಿದೆ. ಮಗಳು ಎಷ್ಟು ಕೊಡುತ್ತಿದ್ದಾಳೆ ಅಂತ ಕೇಳುವ ಹಕ್ಕು ತಾಯಿಗಿದೆ, ಕೇಳಿ.

ಅಪಾರ್ಥೈಡ್, ಅಂದರೆ ವರ್ಣಭೇದದ ಮ್ಯೂಸಿಯಂ ಗೋಲ್ಡ್ ರೀಫ್ ಸಿಟಿ ಅನ್ನುವ ಮನರಂಜನಾ ಪಾರ್ಕ್ ಪಕ್ಕದಲ್ಲಿದೆ. ಟಿಕೆಟ್ ಮೇಲೆ ‘ಬಿಳಿಯರು’ ಅಥವಾ ‘ಬಿಳಿಯರಲ್ಲದವರು’ ಅಂತ ಇರುತ್ತದೆ, ಯಾರಿಗೆ ಯಾವುದು ಬರುತ್ತದೋ ಗೊತ್ತಿಲ್ಲ. ಒಳಗೆ ಹೋಗಲು ಬೇರೆ ಬೇರೆ ಬಾಗಿಲು. ನೀವು ಒಂದು ಕಡೆ, ಮೊಮ್ಮಗ ಇನ್ನೊಂದು ಕಡೆ ಆಗಬಹುದು. ಟಿಕೆಟ್ ಅದಲುಬದಲು ಮಾಡಿಕೊಳ್ಳಬೇಡಿ, ಬಂದಿದ್ದರಲ್ಲೇ ಹೋಗಿ. ಅರ್ಧ ದಿನ ಬೇಕು.

ಆಫ್ರಿಕನ್ನರ ದೊಡ್ಡ ಬಡಾವಣೆ ಸೊವೆಟೋಗೆ ಮಾತ್ರ ಜೂನ್ 16ರ ಆಸುಪಾಸಿನಲ್ಲೇ ಹೋಗಿ. 1976ರಲ್ಲಿ ಆ ದಿನ ಸಾವಿರಾರು ಮಕ್ಕಳು ಯೂನಿಫಾರ್ಮ್‌ನಲ್ಲೇ ಬೀದಿಗಿಳಿದರು. ಗಣಿತ, ಸಮಾಜ ಪಾಠಗಳನ್ನೂ ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಓದಬೇಕು ಅಂತ ಸರ್ಕಾರ ಹೇರಿತ್ತು. ಮಕ್ಕಳಿಗೆ ಆ ಭಾಷೆ ಸರಿಯಾಗಿ ಬರದು, ಎಷ್ಟೋ ಮೇಷ್ಟ್ರಿಗೂ ಬರದು. ಕನ್ನಡಿಗರಿಗೆ ಭಾಷೆಯ ನೋವು ಬೇಗ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸ ಇಟ್ಟುಕೊಳ್ಳಿ. ಅವರು ಅವತ್ತು ತಾಯ್ನುಡಿ ಬೇಕು ಅಂತ ಹೊರಟವರಲ್ಲ, ತುಳಿಯುವವರ ಭಾಷೆ ಬೇಡ ಅಂತ ಹೊರಟವರು. ಪೊಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್ಸನ್ ಅನ್ನುವ ಹುಡುಗ ಸತ್ತ. ಅವನಿಗೆ 12 ವರ್ಷ, ನಿಮ್ಮ ಮೊಮ್ಮಗನ ವಯಸ್ಸು. ಅವನನ್ನು ಎತ್ತಿಕೊಂಡು ಓಡುತ್ತಿರುವ ಇನ್ನೊಬ್ಬ ಹುಡುಗ, ಪಕ್ಕದಲ್ಲಿ ಕೈ ಎತ್ತಿ ಅಳುತ್ತಾ ಓಡುವ ಅಕ್ಕ, ಆ ಫೋಟೋ ನೀವು ನೋಡಿರುತ್ತೀರಿ. ತೆಗೆದವರು ಸ್ಯಾಮ್ ನ್ಜಿಮಾ. ಎತ್ತಿಕೊಂಡು ಓಡಿದ ಎಂಬುಯಿಸಾ ಮಖೂಬೋ ಪೊಲೀಸರ ಕಾಟಕ್ಕೆ ದೇಶ ಬಿಟ್ಟು ಓಡಿದ. ನೈಜೀರಿಯಾದಿಂದ ತಾಯಿಗೆ ಒಂದು ಕಾಗದ ಬಂತು, ಆಮೇಲೆ ಸುದ್ದಿಯೇ ಇಲ್ಲ. ಒರ್ಲಾಂಡೋ ವೆಸ್ಟ್‌ನಲ್ಲಿ ಹೆಕ್ಟರ್ ಹೆಸರಿನ ಮ್ಯೂಸಿಯಂ ಇದೆ. ಅಲ್ಲೇ ಹತ್ತಿರ ವಿಲಕಾಜಿ ಬೀದಿ. ಮಂಡೇಲಾ ಮತ್ತು ವರ್ಣಭೇದದ ವಿರುದ್ಧ ಹೋರಾಡಿದ ಬಿಷಪ್ ಟೂಟೂ ಇಬ್ಬರ ಮನೆಯೂ ಆ ಒಂದೇ ಬೀದಿಯಲ್ಲಿ. ಸ್ಥಳೀಯ ಗೈಡ್ ಜೊತೆಗೇ ಹೋಗಿ. ಜನರ ಮನೆಯೊಳಗೆ ಇಣುಕಿ ಫೋಟೋ ಹೊಡೆಯಬೇಡಿ.

ಮಾತಿನ ಬಗ್ಗೆಯೂ ಎಚ್ಚರ ಬೇಕು. ನಮ್ಮ ‘ಕೂಲಿ’ ಅನ್ನುವ ಪದ ಅಲ್ಲಿ ಭಾರತೀಯರನ್ನು ಹೀಯಾಳಿಸುವ ಬೈಗುಳ. ಗಾಂಧೀಜಿಯನ್ನೂ ‘ಕೂಲಿ ಬ್ಯಾರಿಸ್ಟರ್’ ಅನ್ನುತ್ತಿದ್ದರು. ಲೆನೇಷಿಯಾದ ಹಿರಿಯರ ಎದುರು ನೀವು ಕನ್ನಡದಲ್ಲಿ ಕೂಲಿ ಕೆಲಸ ಅಂದರೂ ಅವರ ಮುಖ ಸಪ್ಪಗಾಗುತ್ತದೆ. ಆಫ್ರಿಕನ್ನರನ್ನು ಹೀಯಾಳಿಸಲು ನಮ್ಮ ಕಡೆ ಕೆಲವರು ಆಡುವ ‘ಕಾಪ್ರಿ’ ಪದವನ್ನಂತೂ ಮನೆಯೊಳಗೂ ಬಾಯಿಗೆ ತರಬೇಡಿ. ಅದರ ಬಳಗದ ಪದ ಬಳಸಿ ಪೊಲೀಸರನ್ನು ಬೈದ ಒಬ್ಬರಿಗೆ 2018ರಲ್ಲಿ ಅಲ್ಲಿನ ಕೋರ್ಟ್ ಜೈಲುಶಿಕ್ಷೆ ಕೊಟ್ಟಿತು. ‘ಕಲರ್ಡ್’ ಅನ್ನುವುದು ಮಾತ್ರ ಅಲ್ಲಿ ಒಂದು ಸಮುದಾಯ ತನ್ನನ್ನು ಕರೆದುಕೊಳ್ಳುವ ಹೆಸರು. ಭಾರತ ಮೂಲದವರನ್ನು ‘ನಿಮ್ಮ ಊರು ಯಾವುದು’ ಅಂತ ಕೇಳಿದರೆ ಡರ್ಬನ್ ಅನ್ನುತ್ತಾರೆ. ‘ಅಲ್ಲ, ಇಂಡಿಯಾದಲ್ಲಿ?’ ಅಂತ ಕೆದಕಬೇಡಿ, ಅವರಾಗೇ ಹೇಳಿದರೆ ಸರಿ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳು ಬೆಂಗಳೂರಿಗೆ ಬಂದಾಗ ‘ಯಾವ ದೇಶ’ ಅಂತ ಕೇಳಿಸಿಕೊಳ್ಳುತ್ತಾರಲ್ಲ, ಅದೇ ಸಂಕಟ ಇದು.

ಅಳಿಯಂದಿರ ಮಾತಿಗೆ ಬರೋಣ. ಕಳ್ಳತನ, ದರೋಡೆಯ ಭಯ ಸುಳ್ಳಲ್ಲ. ರಾತ್ರಿ ನಡೆದುಕೊಂಡು ಹೋಗಬೇಡಿ, ಮೊಬೈಲ್ ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಲ್ಲಬೇಡಿ, ಅವರು ಹೇಳಿದ ಹಾಗೆ ಕೇಳಿ. ಆದರೆ ಹಳೇ ಕಥೆ ಅನ್ನುವುದನ್ನು ಒಪ್ಪಬೇಡಿ. ಒಂದು ದಿನ ಅವರಿಗೇ ಕಾರಿನಲ್ಲಿ ಸ್ಯಾಂಡ್ಟನ್ ಕಡೆ ಕರೆದುಕೊಂಡು ಹೋಗಲು ಹೇಳಿ. ಗಾಜಿನ ಕಟ್ಟಡಗಳು, ಬ್ಯಾಂಕುಗಳು. ಹೆದ್ದಾರಿಯ ಆಚೆ ಬದಿ ಅಲೆಕ್ಸಾಂಡ್ರಾ. ತಗಡಿನ ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡಿವೆ. 1994ರ ಏಪ್ರಿಲ್ 27ರಂದು ಎಲ್ಲ ಜನಾಂಗದವರೂ ಮೊದಲ ಸಲ ಒಟ್ಟಿಗೆ ಮತ ಹಾಕಿದರು. ಆದರೆ ಊರಿನ ನಕ್ಷೆ ಹಾಗೇ ಉಳಿಯಿತು. ನಿಮ್ಮ ಮಗಳ ಮನೆಗೆ ಬರುವವರು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದು ಎಷ್ಟು ಮಿನಿಬಸ್ ಟ್ಯಾಕ್ಸಿ ಬದಲಿಸುತ್ತಾರೆ ಅಂತ ಕೇಳಿ ನೋಡಿ. ನಮ್ಮವರ ಮನಸ್ಸಿನ ಗಾಯವೂ ಹಳೆಯದಲ್ಲ. 2021ರ ಜುಲೈ ಗಲಭೆಯಲ್ಲಿ ಡರ್ಬನ್ ಹತ್ತಿರದ ಫೀನಿಕ್ಸ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಆಫ್ರಿಕನ್ನರು. ಅಲ್ಲಿ ಹೆಚ್ಚಾಗಿ ಇರುವವರು ಭಾರತ ಮೂಲದವರು. ಗಾಂಧೀಜಿ 1904ರಲ್ಲಿ ಆಶ್ರಮ ಕಟ್ಟಿದ್ದು ಅದೇ ಫೀನಿಕ್ಸ್ ಪ್ರದೇಶದಲ್ಲಿ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸಿದ ಹಾಗಾಗುತ್ತದೆ.

ಸಫಾರಿಗೂ ಹೋಗಿ, ಖಂಡಿತ. ಜೂನ್, ಜುಲೈ ಅಲ್ಲಿ ಚಳಿಗಾಲ. ಹುಲ್ಲು ಒಣಗಿ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ. ಬೆಳಗಿನ ಚಳಿಗೆ ಶಿವಮೊಗ್ಗದ ಸ್ವೆಟರ್ ಸಾಲದು, ದಪ್ಪನೆಯದು ಇಟ್ಟುಕೊಳ್ಳಿ.

ಕೇಪ್‌ಟೌನ್‌ಗೆ ಹೋಗುವುದಾದರೆ ರಾಬೆನ್ ದ್ವೀಪಕ್ಕೆ ಟಿಕೆಟ್ ಮೊದಲೇ ಮಾಡಿಸಿ. ಆ ತಿಂಗಳು ಅಲ್ಲಿ ಮಳೆಗಾಲ, ಗಾಳಿ ಜಾಸ್ತಿಯಾದರೆ ದೋಣಿ ಬಿಡುವುದಿಲ್ಲ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮಂಡೇಲಾ ತಮ್ಮ 27 ವರ್ಷದ ಸೆರೆವಾಸದಲ್ಲಿ 18 ವರ್ಷ ಕಳೆದಿದ್ದು ಅಲ್ಲಿ. 1964ರಲ್ಲಿ ಅವರ ಜೊತೆ ಜೀವಾವಧಿ ಶಿಕ್ಷೆಯಾದವರಲ್ಲಿ ಅಹ್ಮದ್ ಕತ್ರಾಡಾ ಒಬ್ಬರೇ ಭಾರತ ಮೂಲದವರು, ದ್ವೀಪಕ್ಕೆ ಕಳಿಸಿದವರಲ್ಲಿ ಎಲ್ಲರಿಗಿಂತ ಚಿಕ್ಕವರು. ಅವರಿಗೆ ಉದ್ದ ಪ್ಯಾಂಟ್ ಕೊಟ್ಟರು. ಅವರಿಗಿಂತ ಹನ್ನೊಂದು ವರ್ಷ ದೊಡ್ಡವರಾದ ಮಂಡೇಲಾಗೆ ಚಡ್ಡಿ. ಯಾಕೆಂದರೆ ಆಫ್ರಿಕನ್ ಗಂಡಸು ಎಷ್ಟೇ ವಯಸ್ಸಾದರೂ ಜೈಲಿನವರ ಲೆಕ್ಕದಲ್ಲಿ ‘ಹುಡುಗ’. ಜೈಲಿನಲ್ಲಿ ಊಟದ ಪಟ್ಟಿಯ ಹಲಗೆ ಇದೆ. ಕಲರ್ಡ್ ಮತ್ತು ಏಷ್ಯಾದವರಿಗೆ ಒಂದು ಸಾಲು, ಆಫ್ರಿಕನ್ನರಿಗೆ ಇನ್ನೊಂದು. ಮೊದಲ ಸಾಲಿನವರಿಗೆ ಬ್ರೆಡ್ ಇದೆ, ಜ್ಯಾಮ್ ಇದೆ. ಎರಡನೇ ಸಾಲಿನವರಿಗೆ ಅವೆರಡೂ ಇಲ್ಲ. ಮೊಮ್ಮಗನಿಗೆ ಅದನ್ನು ಗಟ್ಟಿಯಾಗಿ ಓದಲು ಹೇಳಿ. ನಾವು ಯಾವ ಸಾಲು ಅಂತ ಅವನೇ ಕೇಳುತ್ತಾನೆ.